ತಿಂಗಳ ಸಂಬಳದವರ ಗಂಟೆ ಲೆಕ್ಕ: ಬರೆಯುವುದು ಹೇಗೆ, ಹಂಚುವುದು ಹೇಗೆ?



ಆಳಿನ ಲೆಕ್ಕ ಬರೆಯುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಚೆಕ್‌ರೋಲ್ ಇಲ್ಲದ ಕಾಫಿ ತೋಟವಿಲ್ಲ. ಎಷ್ಟು ಆಳು ಬಂದರು, ಯಾರು ಅರ್ಧ ದಿನ ಹೋದರು, ಯಾರು ಎಷ್ಟು ಕಿಲೋ ಹಣ್ಣು ಕೊಯ್ದರು ಎಂಬುದೆಲ್ಲ ಸಂಜೆ ತೂಕದ ಹೊತ್ತಿಗೆ ಪುಸ್ತಕಕ್ಕೆ ಏರುತ್ತದೆ. ಕಾಸಿನ ವ್ಯವಹಾರವೇ ಇಲ್ಲದ ಮುಯ್ಯಾಳಿನ ಕಾಲದಲ್ಲೂ ನಮ್ಮ ಹಿರಿಯರು ಲೆಕ್ಕ ತಪ್ಪಿದವರಲ್ಲ. ನಿಮ್ಮ ಗದ್ದೆಗೆ ನಮ್ಮವರು ಎರಡು ದಿನ ಬಂದಿದ್ದರೆ ನಮ್ಮ ಗದ್ದೆಗೆ ನಿಮ್ಮವರು ಎರಡು ದಿನ ಬರಲೇಬೇಕಿತ್ತು.

ಆದರೆ ತಿಂಗಳ ಸಂಬಳದವರ ವಿಷಯ ಬಂದಾಗ ನಮ್ಮ ಕೈ ನಿಂತುಬಿಡುತ್ತದೆ. ರೈಟರು, ಮೇಲ್ವಿಚಾರಕರು, ಸಂಘದ ಕ್ಷೇತ್ರ ಸಹಾಯಕರು ಇವರ ಹೆಸರಿನ ಮುಂದೆ ‘ಹಾಜರ್’ ಎಂಬ ಒಂದೇ ಗುರುತು ಬೀಳುತ್ತದೆ. ಆರು ಗಂಟೆ ಕೆಲಸ ಮಾಡಿದ ದಿನಕ್ಕೂ ಅದೇ ಗುರುತು, ಹನ್ನೊಂದು ಗಂಟೆ ಮಾಡಿದ ದಿನಕ್ಕೂ ಅದೇ. ‘ಸಂಬಳ ಹೇಗೂ ಒಂದೇ, ಓವರ್‌ಟೈಮ್ ಕೊಡುವುದಿಲ್ಲ, ಗಂಟೆ ಬರೆದು ಏನು ಮಾಡುವುದು?’ ಎಂದು ಕೇಳುವವರಿದ್ದಾರೆ. ಕಾರ್ಯದರ್ಶಿಯಾಗಿ ನಾನೂ ಹಲವು ವರ್ಷ ಹಾಗೆಯೇ ತಿಳಿದಿದ್ದೆ. ಅದು ತಪ್ಪೆಂದು ಗೊತ್ತಾದ ಬಗೆಯನ್ನು ಮೊದಲು ಹೇಳಿ, ಆಮೇಲೆ ಲೆಕ್ಕದ ಕ್ರಮಕ್ಕೆ ಬರುತ್ತೇನೆ.

ಒಂದು ಜನವರಿಯ ಕಥೆ

ನಮ್ಮ ಸಂಘವು ಮೇಲ್ವಿಚಾರಕರೊಬ್ಬರನ್ನು ನೇಮಿಸಿಕೊಂಡು, ಸ್ವಂತಕ್ಕೆ ರೈಟರನ್ನು ಇಟ್ಟುಕೊಳ್ಳಲಾಗದ ಸಣ್ಣ ಸದಸ್ಯರ ತೋಟಗಳಿಗೆ ಕಳುಹಿಸುವ ಏರ್ಪಾಡು ಮಾಡಿಕೊಂಡಿತ್ತು. ಬಂದವರು ಕೃಷಿ ಡಿಪ್ಲೊಮಾ ಓದಿದ ಯುವಕರು. ಊರು ಮಂಗಳೂರು ಎಂದರು. ನಾನು ಕರಾವಳಿಯವರೆಂದು ತಿಳಿದು ನನಗೆ ಬರುವ ಹರಕು ಮುರುಕು ತುಳುವಿನಲ್ಲಿ ಮಾತನಾಡಿಸಿದೆ. ಅವರು ನಕ್ಕು, ‘ಸಾಹೇಬ್ರ, ನಂದು ಆ ಮಂಗಳೂರ ಅಲ್ರೀ. ಕೊಪ್ಪಳ ಜಿಲ್ಲಾದಾಗ ಕುಕನೂರ ಹತ್ರ ಐತಲ್ರೀ, ಆ ಮಂಗಳೂರು’ ಎಂದರು. ಕಾಫಿ ಗಿಡವನ್ನು ಇಲ್ಲಿಗೆ ಬಂದ ಮೇಲೆಯೇ ಕಂಡವರು, ಆದರೂ ಎರಡು ಕೊಯ್ಲಿನಲ್ಲಿ ಪಳಗಿಬಿಟ್ಟರು.

ಜನವರಿ ಎಂದರೆ ಗೊತ್ತಲ್ಲ. ಅರೇಬಿಕಾದ ಕೊನೆಯ ಹಣ್ಣು, ರೊಬಸ್ಟಾದ ಮೊದಲ ಹಣ್ಣು, ಅತ್ತ ಅಡಿಕೆಯ ಕೊನೆ ಕೊಯ್ಲು ಎಲ್ಲವೂ ಒಟ್ಟಿಗೆ ಬಂದು ಕೂರುತ್ತವೆ. ಹಗಲು ಇಬ್ಬರು ಸದಸ್ಯರ ತೋಟ, ಮಧ್ಯೆ ಸಂಘದ ಕಣ. ಮೂರನೆಯ ಸದಸ್ಯರ ಮನೆಯಲ್ಲಿ ಹಣ್ಣು ತೂಕವಾಗಿ ಪಲ್ಪರ್ ಶುರುವಾಗುವುದೇ ಕತ್ತಲಾದ ಮೇಲೆ. ಕೊಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡದಿದ್ದರೆ ಪಾರ್ಚ್‌ಮೆಂಟಿನ ಗುಣ ಕೆಡುತ್ತದೆಂದು ಅವರು ಹದಿಮೂರು ಸಂಜೆ ಎರಡೆರಡು ಗಂಟೆ ಅಲ್ಲಿ ನಿಂತರು. ಆಮೇಲೆ ಕಚೇರಿಗೆ ಬಂದು ತೂಕದ ಚೀಟಿ ಬರೆದರು.

ತಿಂಗಳ ಕೊನೆಗೆ ನಾನು ಬಿಲ್ಲು ಹಾಕಿದೆ. ದಿನಕ್ಕೆ 8 ಗಂಟೆಯಂತೆ 26 ದಿನಕ್ಕೆ 208 ಗಂಟೆ ಹಿಡಿದು, ಕಣ್ಣಿಗೆ ಬಿದ್ದ ಹಗಲಿನ ಕೆಲಸಕ್ಕಷ್ಟೇ ಹಂಚಿದೆ. ಸಂಜೆಯ ಕೆಲಸ ಯಾವ ಪುಸ್ತಕದಲ್ಲೂ ಇರಲಿಲ್ಲ. ಮಹಾಸಭೆಯ ದಿನ ಮೂರನೆಯ ಸದಸ್ಯರು ಏನೂ ಕಪಟವಿಲ್ಲದೆ, ‘ನನಗೆ ಬಿಲ್ಲೇ ಬಂದಿಲ್ಲವಲ್ಲ’ ಎಂದುಬಿಟ್ಟರು. ಮೊದಲನೆಯವರು ಎದ್ದು ನಿಂತು, ‘ಕಾರ್ಯದರ್ಶಿಗಳಿಗೆ ಬೇಕಾದವರಿಗೆ ಪುಕ್ಕಟೆ, ನಮಗೆ ಹನ್ನೊಂದು ಸಾವಿರವೋ?’ ಎಂದು ಕೇಳಿದರು. ಆ ದಿನ ನಾನು ತಲೆ ತಗ್ಗಿಸಿದೆ. ಪಕ್ಷಪಾತ ಮಾಡಿರಲಿಲ್ಲ, ಆದರೆ ಮಾಡಿಲ್ಲವೆಂದು ತೋರಿಸಲು ನನ್ನ ಬಳಿ ಒಂದು ಸಾಲಿನ ಬರಹವೂ ಇರಲಿಲ್ಲ.

ನನ್ನನ್ನು ಉಳಿಸಿದ್ದು ಆ ಮೇಲ್ವಿಚಾರಕರ ಜೇಬಿನಲ್ಲಿದ್ದ ಸಣ್ಣ ಪುಸ್ತಕ. ದಿನ, ಜಾಗ, ಹತ್ತಿದ ಹೊತ್ತು, ಇಳಿದ ಹೊತ್ತು ಎಲ್ಲವನ್ನೂ ಅವರು ತಮ್ಮಷ್ಟಕ್ಕೆ ಬರೆದಿಟ್ಟುಕೊಂಡಿದ್ದರು. ಕೂಡಿಸಿದರೆ 208 ಅಲ್ಲ, 260 ಗಂಟೆ. ‘ಇದನ್ನು ಮೊದಲೇ ಯಾಕೆ ತೋರಿಸಲಿಲ್ಲ?’ ಎಂದೆ. ‘ಪಗಾರ ಹೆಚ್ಚ ಮಾಡ್ರಿ ಅಂತ ಕೇಳಿದಂಗ ಆಗ್ತದಂತ ಸುಮ್ನಿದ್ದೆ ರೀ. ದುಡಿದದ್ದು ಲೆಕ್ಕದಾಗ ಬಂದ್ರ ಸಾಕ್ರೀ’ ಎಂದರು. ಕೆಲಸ ಬಿಟ್ಟು ಊರಿಗೆ ಹೋಗುವ ಅರ್ಜಿಯೂ ಅದೇ ಪುಸ್ತಕದಲ್ಲಿ ಮಡಚಿ ಇಟ್ಟಿತ್ತು.

ಓವರ್‌ಟೈಮ್ ಯಾರಿಗೆ ಇಲ್ಲ?

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಮೇಲ್ವಿಚಾರಣೆ ಮತ್ತು ಆಡಳಿತದವರನ್ನು ಗಂಟೆಯ ಮಿತಿಯಿಂದ ಹೊರಗಿಡುವ ಪದ್ಧತಿ ಹಳೆಯದು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊಟ್ಟಮೊದಲ ಒಪ್ಪಂದವು ಕೈಗಾರಿಕೆಗಳಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿದಾಗಲೇ ಅಂಥವರಿಗೆ ವಿನಾಯಿತಿ ಇತ್ತು. ಅಮೆರಿಕದ 1938ರ ಕಾಯಿದೆಯಲ್ಲೂ ಹಾಗೆಯೇ.

ನಮ್ಮಲ್ಲಿ 1951ರ ತೋಟ ಕಾರ್ಮಿಕರ ಕಾಯಿದೆಯು ಟೀ, ಕಾಫಿ, ರಬ್ಬರ್, ಸಿಂಕೋನ, ಏಲಕ್ಕಿ ತೋಟಗಳನ್ನು ಹೆಸರಿಸಿತ್ತು. ಅಡಿಕೆಯ ಹೆಸರು ಅದರಲ್ಲಿರಲಿಲ್ಲ. ಬೇರೆ ಬೆಳೆಗಳಿಗೆ ವಿಸ್ತರಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಬಿಟ್ಟಿತ್ತು. ಮೊದಲಿದ್ದ ವಾರದ 54 ಗಂಟೆಯ ಮಿತಿಯನ್ನು 1981ರ ತಿದ್ದುಪಡಿ 48ಕ್ಕೆ ಇಳಿಸಿತು. ಆಡಳಿತ ಹುದ್ದೆಯವರು ಆ ಕಾಯಿದೆಯ ‘ಕಾರ್ಮಿಕ’ ಎಂಬ ಮಾತಿನೊಳಗೆ ಬರುತ್ತಿರಲಿಲ್ಲ. ತಿಂಗಳ ಕೂಲಿ ಒಂದು ಮಿತಿ ಮೀರಿದವರೂ ಬರುತ್ತಿರಲಿಲ್ಲ. ಆ ಮಿತಿಯನ್ನು 2010ರಲ್ಲಿ 10,000 ರೂಪಾಯಿಗೆ ಏರಿಸಲಾಯಿತು. 5 ಹೆಕ್ಟೇರಿಗಿಂತ, ಅಂದರೆ ಸುಮಾರು 12 ಎಕರೆ 14 ಗುಂಟೆಗಿಂತ, ಕಡಿಮೆ ಇರುವ ತೋಟಗಳು ಸಾಮಾನ್ಯವಾಗಿ ಅದರ ಹೊರಗೇ ಇದ್ದವು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1951ರ ಕಾಯಿದೆಯ ಸ್ಥಾನವನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ತೆಗೆದುಕೊಂಡಿತು. ಅದರ ಪ್ರಕಾರ ಆಡಳಿತ ಹುದ್ದೆಯವರೂ, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕರೂ ‘ಕಾರ್ಮಿಕ’ರಲ್ಲ. ಕಾರ್ಮಿಕರಾದವರಿಗೆ ದಿನಕ್ಕೆ 8 ಗಂಟೆ. ಹೆಚ್ಚುವರಿ ಕೆಲಸಕ್ಕೆ ಅವರ ಒಪ್ಪಿಗೆ ಬೇಕು, ಕೂಲಿ ಇಮ್ಮಡಿ ಕೊಡಬೇಕು.

ಸದಸ್ಯರು ನೆನಪಿಡಬೇಕಾದದ್ದು ಇಷ್ಟು: ಹುದ್ದೆಯ ಹೆಸರು ಮುಖ್ಯವಲ್ಲ, ದಿನದ ಬಹುಪಾಲು ಮಾಡುವ ಕೆಲಸ ಮುಖ್ಯ. ಮೂಟೆ ಹೊರುವವರಿಗೆ, ಬರಿದೇ ಚೀಟಿ ಬರೆಯುವವರಿಗೆ ‘ಸೂಪರ್‌ವೈಸರ್’ ಎಂದು ಪಟ್ಟ ಕಟ್ಟಿದ ಮಾತ್ರಕ್ಕೆ ಓವರ್‌ಟೈಮ್ ತಪ್ಪುವುದಿಲ್ಲ. ಸಂದೇಹವಿದ್ದವರು ನೇಮಕಾತಿ ಪತ್ರ ಬರೆಯುವ ಮೊದಲೇ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಕೆಳಗಿನ ಪಾಠ ನಿಜವಾಗಿಯೂ ಓವರ್‌ಟೈಮ್ ಇಲ್ಲದವರ ಬಾಬ್ತಿಗೆ ಸೇರಿದ್ದು.

ಮೊದಲ ಹೆಜ್ಜೆ: ಒಬ್ಬರಿಗೆ ತಗಲುವ ಪೂರ್ಣ ಖರ್ಚು

ಕೈಗೆ ಕೊಡುವ ಸಂಬಳವೊಂದನ್ನೇ ಹಿಡಿದರೆ ಲೆಕ್ಕ ಮೊದಲ ಸಾಲಿನಲ್ಲೇ ತಪ್ಪುತ್ತದೆ. ನಮ್ಮ ಸಂಘದ ಮಾದರಿ ಹೀಗಿದೆ:

ತಿಂಗಳ ಸಂಬಳ: 26,000 ರೂ.
ಭವಿಷ್ಯನಿಧಿಗೆ ಸಂಘದ ಪಾಲು, ಶೇಕಡಾ 12: 3,120 ರೂ.
ಗ್ರ್ಯಾಚ್ಯುಟಿಗೆ ತೆಗೆದಿಡುವುದು: 1,250 ರೂ.
ಬೈಕಿನ ಪೆಟ್ರೋಲು, ಫೋನು: 830 ರೂ.
ಒಟ್ಟು: 31,200 ರೂ.

ಗ್ರ್ಯಾಚ್ಯುಟಿಯ ಅಂಕಿ ಎಲ್ಲಿಂದ ಬಂತೆಂದು ಕೇಳಬಹುದು. ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಎಂಬುದು ಅದರ ನಿಯಮ. ತಿಂಗಳನ್ನು 26 ದಿನವೆಂದು ಹಿಡಿಯುತ್ತಾರೆ. 26,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 15,000, ತಿಂಗಳಿಗೆ 1,250. ಇದನ್ನು ತಿಂಗಳು ತಿಂಗಳು ತೆಗೆದಿಡದ ಸಂಘಗಳು ನೌಕರರು ನಿವೃತ್ತರಾಗುವ ವರ್ಷ ಒಮ್ಮೆಗೇ ಕಣ್ಣುಬಿಡುತ್ತವೆ.

ಎರಡನೆಯ ಹೆಜ್ಜೆ: ಎಷ್ಟು ಗಂಟೆಯಿಂದ ಭಾಗಿಸಬೇಕು?

ಇಡೀ ಪಾಠದ ಗಂಟು ಇಲ್ಲಿದೆ. 31,200ವನ್ನು 208ರಿಂದ ಭಾಗಿಸಿದರೆ ಗಂಟೆಗೆ 150 ರೂಪಾಯಿ. ಕೆಲಸ ನಡೆದದ್ದು 260 ಗಂಟೆ. ಈಗ ಎರಡು ರೀತಿ ತಪ್ಪು ಮಾಡಲು ಸಾಧ್ಯವಿದೆ.

ಒಂದು, 260 ಗಂಟೆಗೂ 150ರಂತೆ ಬಿಲ್ಲು ಹಾಕುವುದು. ಆಗ ಬರುವುದು 39,000 ರೂಪಾಯಿ. ಸಂಘ ಖರ್ಚು ಮಾಡಿದ್ದು 31,200. ಉಳಿದ 7,800 ಎಲ್ಲಿಂದ ಬಂತು? ಮೇಲ್ವಿಚಾರಕರು ಸಂಬಳವಿಲ್ಲದೆ ದುಡಿದ 52 ಗಂಟೆಯಿಂದ ಬಂತು. ಅವರಿಗೆ ಕೊಡದ ಹಣವನ್ನು ಸದಸ್ಯರಿಂದ ವಸೂಲು ಮಾಡಿದಂತಾಯಿತು. ಇದು ಸಹಕಾರವಲ್ಲ.

ಎರಡು, ನಾನು ಮಾಡಿದಂತೆ 208 ಗಂಟೆ ಮಾತ್ರ ಬರೆದು ಉಳಿದದ್ದನ್ನು ಬಿಟ್ಟುಬಿಡುವುದು. ಒಟ್ಟು ಮೊತ್ತ ಸರಿಯಾಗಿಯೇ ಕಾಣುತ್ತದೆ, ಲೆಕ್ಕ ಪರಿಶೋಧಕರೂ ತಕರಾರು ಎತ್ತುವುದಿಲ್ಲ. ಆದರೆ ಹಗಲಿನ ಸದಸ್ಯರು ಸಂಜೆಯ ಸದಸ್ಯರ ಖರ್ಚನ್ನು ಹೊರುತ್ತಾರೆ.

ಸರಿಯಾದ ಕ್ರಮ: ಕೊಟ್ಟದ್ದೆಲ್ಲ ಒಂದು ಕಡೆ, ದುಡಿದದ್ದೆಲ್ಲ ಒಂದು ಕಡೆ. ಪೂರ್ಣ ಖರ್ಚನ್ನು ನಿಜವಾಗಿ ನಡೆದ ಒಟ್ಟು ಗಂಟೆಗಳಿಂದ ಭಾಗಿಸಬೇಕು. 31,200 ಭಾಗ 260, ಗಂಟೆಗೆ 120 ರೂಪಾಯಿ. ಹಂಚಿಕೆ ಹೀಗಾಗುತ್ತದೆ:

ಒಂದನೆಯ ಸದಸ್ಯರು: 78 ಗಂಟೆ, 9,360 ರೂ.
ಎರಡನೆಯ ಸದಸ್ಯರು: 52 ಗಂಟೆ, 6,240 ರೂ.
ಮೂರನೆಯ ಸದಸ್ಯರು: 26 ಗಂಟೆ, 3,120 ರೂ.
ಸಂಘದ ಕಣ ಮತ್ತು ಗೋದಾಮು: 65 ಗಂಟೆ, 7,800 ರೂ.
ಸಂಘದ ಕಚೇರಿ ಕೆಲಸ: 39 ಗಂಟೆ, 4,680 ರೂ.
ಒಟ್ಟು: 260 ಗಂಟೆ, 31,200 ರೂ.

ನನ್ನ ಹಳೆಯ ಬಿಲ್ಲಿನಲ್ಲಿ ಒಂದನೆಯ ಸದಸ್ಯರಿಗೆ 11,700 ಬಿದ್ದಿತ್ತು. ಅಂದರೆ 2,340 ರೂಪಾಯಿ ಹೆಚ್ಚು. ಎರಡನೆಯವರಿಗೆ 1,560 ಹೆಚ್ಚು. ಮೂರನೆಯವರಿಗೆ ಸೊನ್ನೆ. ಆಡಳಿತ ಮಂಡಳಿಯ ಠರಾವಿನಂತೆ ಹಳೆಯ ಬಿಲ್ಲು ರದ್ದು ಮಾಡಿ ಹೊಸದು ಕೊಟ್ಟೆವು. ಹೆಚ್ಚು ಕೊಟ್ಟವರಿಗೆ ಹಿಂದಿರುಗಿಸಿದೆವು. ಮೂರನೆಯವರು ಪುಸ್ತಕ ನೋಡಿ, ಹದಿಮೂರು ಸಂಜೆ ಎರಡೆರಡು ಗಂಟೆ ನಿಜವೆಂದು ಒಪ್ಪಿ ಹಣ ಕಟ್ಟಿದರು. ಬರೆದದ್ದಿದ್ದರೆ ಜಗಳಕ್ಕೆ ಎಡೆಯಿಲ್ಲ.

ಮೂರನೆಯ ಹೆಜ್ಜೆ: ಪುಸ್ತಕ ಬರೆಯುವ ರೀತಿ

ಹೆಚ್ಚಿನ ವಿದ್ಯೆ ಬೇಡ. ಉದ್ದನೆಯ ಒಂದು ನೋಟ್ ಪುಸ್ತಕದಲ್ಲಿ ಆರು ಕಲಂ ಗೆರೆ ಹಾಕಿಕೊಳ್ಳಿ: ತಾರೀಖು, ಜಾಗ ಅಥವಾ ಸದಸ್ಯರ ಖಾತೆ ಸಂಖ್ಯೆ, ಕೆಲಸ, ಆರಂಭದ ಹೊತ್ತು, ಮುಗಿದ ಹೊತ್ತು, ಗಂಟೆ. ನಂತರ ಈ ಕ್ರಮ ಪಾಲಿಸಿ.

1. ಅಂದಿನದನ್ನು ಅಂದೇ ಬರೆಯಬೇಕು. ಶನಿವಾರ ಕೂತು ಸೋಮವಾರದ ನೆನಪು ಮಾಡಿಕೊಂಡರೆ ಎಲ್ಲ ದಿನವೂ ಎಂಟೇ ಗಂಟೆಯಾಗಿ ಕಾಣುತ್ತದೆ.

2. ಅರ್ಧ ಗಂಟೆ ನಮ್ಮ ಅಳತೆ. ವಕೀಲರು ಆರು ನಿಮಿಷದ ಲೆಕ್ಕ ಇಡುವ ದೇಶಗಳಿವೆ, ತೋಟಕ್ಕೆ ಅದು ಬೇಡ. ಕಾಲು ಗಂಟೆಗಿಂತ ಕಡಿಮೆ ಇದ್ದರೆ ಬಿಡಿ, ಹೆಚ್ಚಿದ್ದರೆ ಅರ್ಧವೆಂದು ಬರೆಯಿರಿ.

3. ಊಟದ ಹೊತ್ತು ಸೇರುವುದಿಲ್ಲ. ಕಾಫಿ ಕುಡಿಯುವ ಹತ್ತು ನಿಮಿಷವನ್ನು ಕಳೆಯುವುದೂ ಬೇಡ.

4. ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವ ಹೊತ್ತು ಹೋಗಿ ಸೇರಿದ ತೋಟದ ಖಾತೆಗೆ. ಮನೆಯಿಂದ ಮೊದಲ ಜಾಗಕ್ಕೆ ಬರುವ ಹೊತ್ತು ಸೇರುವುದಿಲ್ಲ.

5. ಮಳೆ ಬಂದು ಮದ್ದು ಹೊಡೆಯುವುದು ನಿಂತರೆ, ಬಿಸಿಲು ಬರಲೆಂದು ಕಾದ ಹೊತ್ತು ಅದೇ ತೋಟದ ಖಾತೆಗೆ. ಬೋರ್ಡೋ ದ್ರಾವಣ ಕಲಸಿಟ್ಟ ಮೇಲೆ ಅದನ್ನು ಬಿಟ್ಟು ಹೋಗುವಂತಿಲ್ಲವಲ್ಲ.

6. ಯಾವ ಸದಸ್ಯರಿಗೂ ಸೇರದ ಕೆಲಸಕ್ಕೆ ‘ಸಂಘದ ಸಾಮಾನ್ಯ’ ಎಂಬ ಖಾತೆ ಇಡಿ. ಸಭೆ, ಬ್ಯಾಂಕು, ತಾಲೂಕು ಕಚೇರಿ ಅಲ್ಲಿಗೆ. ಈ ಖಾತೆ ಇಲ್ಲದಿದ್ದರೆ ಆ ಗಂಟೆಗಳು ಯಾರದೋ ತಲೆಗೆ ಬೀಳುತ್ತವೆ.

7. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ರುಜು ಹಾಕಿ. ಅಳಿಸಬೇಡಿ, ಹಾಳೆ ಹರಿಯಬೇಡಿ.

8. ವಾರಕ್ಕೊಮ್ಮೆ ಆಯಾ ಸದಸ್ಯರ ರುಜು ಆಗಲಿ. ತಿಂಗಳ ಕೊನೆಗೆ ಬಿಲ್ಲು ನೋಡಿ ಬೆಚ್ಚಿಬೀಳುವ ಪ್ರಮೇಯ ಬರುವುದಿಲ್ಲ.

ಋತುವಿನಿಂದ ಋತುವಿಗೆ ದರ ಬದಲಾದರೆ?

ಈ ಕ್ರಮದಲ್ಲಿ ಒಂದು ತೊಡಕಿದೆ. ಜನವರಿಯಲ್ಲಿ ಗಂಟೆಗೆ 120 ಬಿದ್ದದ್ದು, ಜಡಿಮಳೆಯಲ್ಲಿ ಕೆಲಸ ನಿಂತ ಜುಲೈಯಲ್ಲಿ 170 ದಾಟಬಹುದು. ಕೊಳೆರೋಗಕ್ಕೆ ಎರಡನೆಯ ಮದ್ದು ಹೊಡೆಸುವ ಅಡಿಕೆಯವರು, ‘ಕಾಫಿಯವರಿಗೆ ಅಗ್ಗ, ನಮಗೆ ತುಟ್ಟಿ’ ಎನ್ನುವುದು ಸಹಜ. ಆದುದರಿಂದ ವರ್ಷದ ದರ ಕಟ್ಟುವುದು ಮೇಲು. ವರ್ಷದ ಖರ್ಚು 3,74,400. ಹಿಂದಿನ ವರ್ಷದ ಪುಸ್ತಕದ ಪ್ರಕಾರ ಒಟ್ಟು 2,600 ಗಂಟೆ ನಡೆದಿದ್ದರೆ ಗಂಟೆಗೆ 144 ರೂಪಾಯಿ. ವರ್ಷವಿಡೀ ಇದೇ ದರದಲ್ಲಿ ಬಿಲ್ಲು ಹಾಕಿ, ಮಾರ್ಚ್ ಕೊನೆಗೆ ನಿಜವಾದ ಗಂಟೆಗಳೊಡನೆ ತಾಳೆ ನೋಡಿ, ವ್ಯತ್ಯಾಸವನ್ನು ಪ್ರತಿಯೊಬ್ಬರ ಖಾತೆಗೆ ಜಮೆ ಅಥವಾ ಖರ್ಚು ಹಾಕಿದರಾಯಿತು. ನಮ್ಮ ಸಂಘ ಈಗ ಹೀಗೆಯೇ ಮಾಡುತ್ತಿದೆ. ಸಂಬಳದ ರಜೆಯ ದಿನಗಳನ್ನು ಗಂಟೆಗೆ ಸೇರಿಸಬೇಡಿ. ಖರ್ಚು ಸೇರಿ, ಗಂಟೆ ಸೇರದಿರುವುದರಿಂದ ರಜೆಯ ವೆಚ್ಚ ದರದಲ್ಲಿ ತಾನೇ ಬಂದುಬಿಡುತ್ತದೆ.

ಸದಸ್ಯರು ಕೇಳುವ ಪ್ರಶ್ನೆಗಳು

*ಗಂಟೆ ಬರೆಸಿದರೆ ಸಂಬಳದವರನ್ನು ದಿನಗೂಲಿ ಮಾಡಿದಂತಾಗುವುದಿಲ್ಲವೇ?*
ಆಗುವುದಿಲ್ಲ, ಆಗಬಾರದು. ಈ ಪುಸ್ತಕ ಖರ್ಚು ಹಂಚಲು ಮಾತ್ರ. ಒಂದು ದಿನ ಆರೇ ಗಂಟೆ ಬಿದ್ದಿತೆಂದು ಸಂಬಳ ಕಡಿಯುವುದಾದರೆ ನಾಳೆಯಿಂದ ಪುಸ್ತಕದಲ್ಲಿ ನಿಜ ಇರುವುದಿಲ್ಲ. ಇದನ್ನು ನಾವು ಠರಾವಿನಲ್ಲೇ ಬರೆದಿದ್ದೇವೆ.

*ಹೆಚ್ಚು ದುಡಿದವರಿಗೆ ಏನೂ ಕೊಡಬೇಕಾಗಿಲ್ಲವೇ?*
ಅಂಥವರಿಗೆ ಓವರ್‌ಟೈಮ್ ಕೊಡಬೇಕೆಂಬ ಕಟ್ಟಳೆ ಇಲ್ಲದಿರಬಹುದು. ಆದರೆ ಪುಸ್ತಕ ನೋಡಿದ ಮೇಲೆ ಸುಮ್ಮನಿರುವುದು ಕಷ್ಟ. 52 ಗಂಟೆ ಎಂದರೆ ಆರೂವರೆ ದಿನದ ಕೆಲಸ. ಆಡಳಿತ ಮಂಡಳಿ ಅಷ್ಟೂ ದಿನವನ್ನು ಮಳೆಗಾಲದಲ್ಲಿ ಸಂಬಳ ಸಹಿತ ರಜೆಯಾಗಿ ಕೊಟ್ಟಿತು. ಮೇಲ್ವಿಚಾರಕರು ಮುಂಗಾರು ಬಿತ್ತನೆಗೆ ಮಂಗಳೂರಿಗೆ ಹೋಗಿ ಬಂದರು. ಮಡಚಿಟ್ಟಿದ್ದ ಅರ್ಜಿಯನ್ನು ಮತ್ತೆ ಹೊರಗೆ ತೆಗೆಯಲಿಲ್ಲ.

*ನನ್ನದು ಒಂದೇ ತೋಟ, ಒಬ್ಬರೇ ರೈಟರು. ನನಗೇಕೆ ಇದು?*
ಒಂದೇ ತೋಟದಲ್ಲಿ ಕಾಫಿಯೂ ಇದೆ, ಅಡಿಕೆಯೂ ಇದೆ, ಕಾಳುಮೆಣಸೂ ಇದೆ. ಯಾವ ಬೆಳೆ ಎಷ್ಟು ನುಂಗುತ್ತದೆಂದು ತಿಳಿಯದೆ ಯಾವುದರಲ್ಲಿ ಲಾಭವೆಂದು ಹೇಗೆ ಹೇಳುವುದು?

ಅಭ್ಯಾಸ

ಒಬ್ಬ ರೈಟರಿಗೆ ತಿಂಗಳಿಗೆ ತಗಲುವ ಪೂರ್ಣ ಖರ್ಚು 24,000 ರೂ. ತಿಂಗಳಲ್ಲಿ ದುಡಿದದ್ದು 240 ಗಂಟೆ. ಅದರಲ್ಲಿ ಕಾಫಿಗೆ 120, ಅಡಿಕೆಗೆ 72, ಯಜಮಾನರ ಮನೆಯ ಸಾಮಾನು ತರುವುದು, ಮಕ್ಕಳನ್ನು ಬಸ್ಸಿಗೆ ಬಿಡುವುದು ಇತ್ಯಾದಿಗೆ 48. ಪ್ರತಿಯೊಂದಕ್ಕೂ ಎಷ್ಟು?

ಉತ್ತರ: ಗಂಟೆಗೆ 100 ರೂ. ಕಾಫಿಗೆ 12,000, ಅಡಿಕೆಗೆ 7,200, ಮನೆಗೆ 4,800. ಕೊನೆಯ ಅಂಕಿಯನ್ನು ತೋಟದ ಖರ್ಚಿಗೆ ಸೇರಿಸಿ, ‘ಕಾಫಿಯಲ್ಲಿ ಏನೂ ಗಿಟ್ಟುವುದಿಲ್ಲ’ ಎನ್ನುವವರು ನಮ್ಮಲ್ಲಿ ಎಷ್ಟು ಜನರಿದ್ದೇವೆಂದು ಅವರವರೇ ಎಣಿಸಿಕೊಳ್ಳಲಿ. ನಾನು ನನ್ನ ಹೆಸರನ್ನು ಮೊದಲು ಬರೆದುಕೊಂಡಿದ್ದೇನೆ.

ಮುಂದಿನ ಕೊಯ್ಲು ಶುರುವಾಗುವ ಮೊದಲು ಪ್ರತಿಯೊಬ್ಬ ಸದಸ್ಯರೂ ಒಂದು ಪುಸ್ತಕಕ್ಕೆ ಗೆರೆ ಹಾಕಿಸಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮಾದರಿ ಹಾಳೆ ಸಂಘದ ಕಚೇರಿಯಲ್ಲಿ ದೊರೆಯುತ್ತದೆ. ಮೊದಲ ವಾರ ಬೇಸರವೆನಿಸಬಹುದು, ಎರಡನೆಯ ತಿಂಗಳಿಗೆ ರೂಢಿಯಾಗುತ್ತದೆ. ಮುಯ್ಯಾಳಿನ ಕಾಲದಲ್ಲಿ ಹಿರಿಯರು ನೆನಪಿನಲ್ಲಿಟ್ಟುಕೊಂಡ ನ್ಯಾಯವನ್ನು ನಾವು ಕಾಗದದ ಮೇಲಾದರೂ ಉಳಿಸಿಕೊಳ್ಳೋಣ.

— ಕಾರ್ಯದರ್ಶಿ